ಸೀಡ್ ಸೊನ್ನೆ ಅಂದ್ರೆ ಸತ್ತ ಫೈಲಲ್ಲ

ದುಡ್ಡು ತೆಗೆದುಕೊಂಡು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳು ಚನ್ನರಾಯಪಟ್ಟಣದಂಥ ತಾಲ್ಲೂಕು ಕೇಂದ್ರಗಳಲ್ಲಿ ಕಣ್ಮರೆಯಾಗಿ ಬಹಳ ವರ್ಷವೇನೂ ಆಗಿಲ್ಲ. ಈಗ ಕೇಬಲ್ ಟಿವಿಯವರೇ ಮನೆಗೆ ಫೈಬರ್ ಎಳೆದುಕೊಡುತ್ತಾರೆ. ಫೈಬರ್ ಜೊತೆಗೇ ಟೊರೆಂಟ್ ಬಗೆಗಿನ ನಂಬಿಕೆಗಳೂ ಮನೆಯೊಳಕ್ಕೆ ಬಂದಿವೆ. ಕೆಲವು ಯೂಟ್ಯೂಬ್‌ನಿಂದ ಬಂದವು, ಕೆಲವು ಕಾಲೇಜು ಹಾಸ್ಟೆಲ್‌ನಿಂದ, ಇನ್ನು ಕೆಲವು ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್ ಬರುತ್ತಿದ್ದ ಕಾಲದ ಪಳೆಯುಳಿಕೆಗಳು.

ಅಮೆರಿಕದ ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ಬರೆದಾಗ ಅವರ ಮುಂದಿದ್ದ ತೊಡಕು ಸರಳವಾದದ್ದು. ಒಂದು ದೊಡ್ಡ ಫೈಲನ್ನು ಸಾವಿರಾರು ಜನ ಒಟ್ಟಿಗೆ ಕೇಳಿದರೆ ಕೊಡುವ ಸರ್ವರ್ ತಡೆದುಕೊಳ್ಳುವುದಿಲ್ಲ. ಕೇಳಲು ಬಂದವರನ್ನೇ ಕೊಡುವವರನ್ನಾಗಿಯೂ ಮಾಡುವುದು ಅವರು ಕಂಡುಕೊಂಡ ದಾರಿ. ಫೈಲನ್ನು ತುಣುಕು ಮಾಡಿ, ಒಂದು ತುಣುಕು ಕೈಗೆ ಬಂದ ಕೂಡಲೇ ಅದನ್ನು ಇನ್ನೊಬ್ಬರಿಗೆ ದಾಟಿಸಲು ಶುರುಮಾಡಬೇಕು. ಇಷ್ಟನ್ನು ಮರೆತಲ್ಲೇ ಮುಂದಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟಿವೆ.

“ಡೌನ್‌ಲೋಡ್ ಆದ್ರೆ ಸಾಕು, ಅಪ್‌ಲೋಡ್ ಸೊನ್ನೆಗೆ ಇಟ್ಬಿಡು”

ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುವ ಸಲಹೆ ಇದು. ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದೂ ಇದೇ. ತಮಾಷೆಯೆಂದರೆ ಹಲವು ಟೊರೆಂಟ್ ಆ್ಯಪ್‌ಗಳಲ್ಲಿ ಆ ಜಾಗದಲ್ಲಿ ಸೊನ್ನೆ ಹಾಕಿದರೆ ‘ಮಿತಿಯೇ ಇಲ್ಲ’ ಎಂದರ್ಥ. ಸಲಹೆ ಕೊಟ್ಟವರೂ ಪಾಲಿಸಿದವರೂ ಅದನ್ನು ಗಮನಿಸಿರುವುದಿಲ್ಲ. ಗಮನಿಸಿದ ಜಾಣರು ಒಂದು ಕಿಲೋಬೈಟ್ ಎಂದು ಬರೆದು ಬಾಗಿಲು ಮುಚ್ಚುತ್ತಾರೆ.

ಆಮೇಲೆ ಆಗುವುದೇನು? ಬಿಟ್‌ಟೊರೆಂಟ್‌ನ ಮೂಲ ವಿನ್ಯಾಸದಲ್ಲಿ ಪ್ರತಿಯೊಂದು ಆ್ಯಪ್ ಒಂದು ಹೊತ್ತಿಗೆ ಸುಮಾರು ನಾಲ್ವರಿಗೆ ಮಾತ್ರ ಕೊಡುತ್ತದೆ. ಯಾರಿಗೆ ಎಂಬುದನ್ನು ಹತ್ತು ಸೆಕೆಂಡಿಗೊಮ್ಮೆ ಲೆಕ್ಕ ಹಾಕಿ ತೀರ್ಮಾನಿಸುತ್ತದೆ. ತನಗೆ ಯಾರಿಂದ ಚೆನ್ನಾಗಿ ಬರುತ್ತಿದೆಯೋ ಅವರು ಪಟ್ಟಿಯಲ್ಲಿ ಉಳಿಯುತ್ತಾರೆ, ಉಳಿದವರು ಕಾಯಬೇಕು. ಮೂವತ್ತು ಸೆಕೆಂಡಿಗೊಮ್ಮೆ ಯಾರೋ ಒಬ್ಬ ಹೊಸಬರಿಗೆ, ನೋಡೋಣ ಇವರೇನು ಕೊಡುತ್ತಾರೆ ಎಂದು, ಒಂದು ಅವಕಾಶ ಸಿಗುತ್ತದೆ. ನಮ್ಮ ಕಡೆ ನಾಟಿ ಕಾಲದ ಮುಯ್ಯಾಳಿನ ಲೆಕ್ಕವೇ ಇದು. ನೀವು ಅವರ ಗದ್ದೆಗೆ ಹೋಗದಿದ್ದರೆ ಅವರು ನಿಮ್ಮ ಗದ್ದೆಗೆ ಬರುವುದಿಲ್ಲ.

ಫೈಲ್ ಪೂರ್ತಿ ಇಟ್ಟುಕೊಂಡಿರುವ ಸೀಡರ್‌ಗಳು ಈ ಲೆಕ್ಕದ ಹೊರಗೆ. ಅವರಿಗೆ ನಿಮ್ಮಿಂದ ಏನೂ ಬೇಕಿಲ್ಲ. ಹಾಗಾಗಿ ನೂರಾರು ಸೀಡರ್ ಇರುವ ಫೈಲಿನಲ್ಲಿ ಅಪ್‌ಲೋಡ್ ಕಟ್ಟಿಹಾಕಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಈ ನಂಬಿಕೆಗೆ ಕಾವು ಸಿಕ್ಕಿದ್ದು ಅಲ್ಲೇ ಇರಬೇಕು. ಸೀಡರ್ ಒಬ್ಬರೋ ಇಬ್ಬರೋ ಇದ್ದು ಮಿಕ್ಕವರೆಲ್ಲ ಅರ್ಧಂಬರ್ಧ ಇರುವ ಫೈಲಿಗೆ ಕೈಹಾಕಿ, ಕಂಜೂಸಿಗೆ ತೆರುವ ಬೆಲೆ ಗೊತ್ತಾಗುತ್ತದೆ.

ಹಾಗೆಂದು ಮಿತಿಯೇ ಇಲ್ಲದೆ ಬಿಡುವುದೂ ಸರಿಯಲ್ಲ. ಹಳೆಯ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನಲ್ಲಿ, ಅಂದರೆ ತಾಮ್ರದ ತಂತಿಯ ಮೇಲೆ, ಹೊರಹೋಗುವ ದಾರಿ ಒಳಬರುವ ದಾರಿಗಿಂತ ತೀರಾ ಕಿರಿದು. ಏನು ಬಂದರೂ ‘ಬಂತು’ ಎಂಬ ಉತ್ತರ ಅದೇ ಕಿರಿದಾರಿಯಲ್ಲಿ ವಾಪಸ್ ಹೋಗಬೇಕು. ಅಪ್‌ಲೋಡ್ ಆ ದಾರಿಯನ್ನು ಪೂರಾ ತುಂಬಿಸಿಬಿಟ್ಟರೆ ಉತ್ತರ ತಡವಾಗುತ್ತದೆ, ಡೌನ್‌ಲೋಡೂ ಕುಂಟುತ್ತದೆ. ಅಪ್‌ಲೋಡ್ ಸಾಮರ್ಥ್ಯದ ಶೇ. 80ರ ಆಸುಪಾಸಿಗೆ ಮಿತಿ ಇಡಿ ಎಂಬ ರೂಢಿ ಬಂದದ್ದು ಇದರಿಂದ. ಫೈಬರ್‌ನಲ್ಲಿ ಎರಡೂ ದಾರಿ ಅಗಲವಾಗಿರುವುದರಿಂದ ಈ ತಲೆನೋವು ಕಡಿಮೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರಿಗೆ ಮಾತ್ರ ಒಂದು ಎಚ್ಚರಿಕೆ: ದಿನದ ಎರಡು ಜಿಬಿ ಪ್ಯಾಕಿನಲ್ಲಿ ಕಳಿಸಿದ್ದೂ ಲೆಕ್ಕಕ್ಕೆ ಬರುತ್ತದೆ.

“ಸ್ಪೀಡ್ ಟೆಸ್ಟ್ ಚೆನ್ನಾಗೇ ಬರ್ತಿದೆ, ಇನ್ನೇನು ಬೇಕು?”

ಮೊದಲು ಒಂದು ಸಣ್ಣ ಗೊಂದಲ. ಪ್ಯಾಕಿನ ವೇಗ ಮೆಗಾಬಿಟ್‌ನಲ್ಲಿ, ಟೊರೆಂಟ್ ಆ್ಯಪ್ ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರು ಎಂಬಿಪಿಎಸ್ ಪ್ಯಾಕಿನಲ್ಲಿ ಹನ್ನೆರಡೂವರೆ ಕಂಡರೆ ಅದು ಪೂರ್ತಿ ವೇಗ, ಕೇಬಲ್‌ನವರ ಜೊತೆ ಜಗಳಕ್ಕೆ ಹೋಗಬೇಡಿ.

ಜಗಳವಾಡಲೇಬೇಕೆಂದರೆ ಬೇರೆ ಕಾರಣವಿದೆ. ಸ್ಪೀಡ್ ಟೆಸ್ಟ್ ಅಳೆಯುವುದು ನೀವು ಹೊರಗೆ ಹೋಗಿ ತರುವ ವೇಗವನ್ನು. ಹೊರಗಿನವರು ನಿಮ್ಮ ಮನೆ ಬಾಗಿಲಿಗೆ ಬರಬಹುದೋ ಇಲ್ಲವೋ ಎಂಬುದು ಅದರಲ್ಲಿ ಕಾಣುವುದಿಲ್ಲ. ಟೊರೆಂಟ್‌ಗೆ ಬೇಕಾದದ್ದು ಎರಡೂ.

ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿನಲ್ಲಿ ಖಾಲಿಯಾಗಿವೆ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಹಂಚುವ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಕೈಹಾಕಿತು. ಆದ್ದರಿಂದ ಮೊಬೈಲ್ ಕಂಪನಿಗಳೂ ಎಷ್ಟೋ ಸಣ್ಣ ಫೈಬರ್ ಸೇವೆಗಳೂ ಬಹಳಷ್ಟು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಅದರ ಹಿಂದಿರುವವರು ಫೈಲ್ ಹಂಚಿಕೊಳ್ಳುತ್ತಿರುವ ಹೊರಗಿನವರನ್ನು, ಅಂದರೆ ಪಿಯರ್‌ಗಳನ್ನು, ಹುಡುಕಿಕೊಂಡು ಹೋಗಬಹುದು, ಆದರೆ ಯಾರಿಗೂ ಇವರನ್ನು ಹುಡುಕಿಕೊಂಡು ಬರಲಾಗುವುದಿಲ್ಲ. ಇಂಥ ಇಬ್ಬರು ಎದುರಾದರೆ ಸಾಮಾನ್ಯವಾಗಿ ಕೈಕುಲುಕುವುದೇ ಸಾಧ್ಯವಿಲ್ಲ. ಇಬ್ಬರಿಗೂ ಸಿಗುವ ಮೂರನೆಯ ಪಿಯರ್ ನಡುವೆ ನಿಂತು ಪರಿಚಯ ಮಾಡಿಸಿದರೆ ಕೆಲವೊಮ್ಮೆ ಆಗುತ್ತದೆ, ಅಷ್ಟೆ.

ಪರೀಕ್ಷಿಸುವುದು ಸುಲಭ. ರೂಟರ್‌ನ ಪುಟ ತೆರೆಯಿರಿ, ಬಹಳ ರೂಟರ್‌ಗಳಲ್ಲಿ ಅದು 192.168.1.1. ಸ್ಟೇಟಸ್ ಭಾಗದಲ್ಲಿ ವ್ಯಾನ್ ಐಪಿ ಎಂಬ ಸಾಲು ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಅಥವಾ 10ರಿಂದ ಶುರುವಾಗುತ್ತಿದ್ದರೆ ನೀವು ಹಂಚಿಕೆ ವಿಳಾಸದ ಹಿಂದೆ ಇದ್ದೀರಿ. ಆ ಸ್ಥಿತಿಯಲ್ಲಿ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಎಂದು ಹೇಳುವ ವಿಡಿಯೊಗಳನ್ನು ಎಷ್ಟು ನೋಡಿದರೂ ಪ್ರಯೋಜನವಿಲ್ಲ. ನಿಮ್ಮ ಬಾಗಿಲು ತೆರೆದರೂ ಬೀದಿಯ ಗೇಟಿನ ಕೀಲಿ ಅವರ ಹತ್ತಿರ ಇರುತ್ತದೆ. ಉಳಿದಿರುವ ದಾರಿ ಎರಡು. ತಿಂಗಳಿಗೆ ಇಷ್ಟು ಎಂದು ಕೊಟ್ಟು ಸ್ಟ್ಯಾಟಿಕ್ ಐಪಿ ಕೇಳುವುದು ಒಂದು. ಐಪಿವಿ6, ಅಂದರೆ ಹೊಸ ಮಾದರಿಯ ವಿಳಾಸ, ಆನ್ ಮಾಡಿಸಿ, ರೂಟರ್‌ನ ಫೈರ್‌ವಾಲ್‌ನಲ್ಲಿ ಟೊರೆಂಟ್‌ನ ಪೋರ್ಟ್ ಒಂದನ್ನು ತೆರೆಯುವುದು ಇನ್ನೊಂದು. ಎರಡನೆಯದಕ್ಕೆ ಖರ್ಚಿಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

“ಸೀಡ್ ಸೊನ್ನೆ ತೋರಿಸ್ತಿದೆ, ಸತ್ತೋಗಿರೋ ಫೈಲು ಕಣೋ”

ಈ ನಂಬಿಕೆ ತಪ್ಪು ಎನ್ನಲು ಚನ್ನರಾಯಪಟ್ಟಣದವರಿಗೆ ಶಾಸನ ಸಂಪುಟಗಳಿಗಿಂತ ಹತ್ತಿರದ ಉದಾಹರಣೆ ಸಿಗಲಾರದು. ಲೂಯಿಸ್ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ ನಮ್ಮ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳದ್ದು. 1889ರ ಮೊದಲ ಮುದ್ರಣದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ ಅವು 500 ಆದವು. ತಾಲ್ಲೂಕಿನ ಉಳಿದ ಊರುಗಳ ಕಲ್ಲುಗಳು 1902ರ ಐದನೆಯ ಸಂಪುಟದಲ್ಲಿ, ಹೊಳೆನರಸೀಪುರ, ಅರಕಲಗೂಡಿನ ಶಾಸನಗಳ ಜೊತೆಗೆ ಇವೆ. ಇವುಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಸಿಗುತ್ತವೆ. ಆ ಆರ್ಕೈವ್ 2012ರ ಆಗಸ್ಟ್‌ನಿಂದ ತನ್ನ ಪುಸ್ತಕ, ಧ್ವನಿಮುದ್ರಣಗಳಿಗೆ ಟೊರೆಂಟ್ ಕೊಡುತ್ತಿದೆ. ಬೆಂಗಳೂರಿನಲ್ಲಿ ಸ್ಕ್ಯಾನ್ ಆಗಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹ ಸೇರಿದ ಕನ್ನಡ ಪುಸ್ತಕಗಳೂ ಅಲ್ಲೇ ಇವೆ.

ಅಂಥದೊಂದು ಟೊರೆಂಟ್ ಹಾಕಿದರೆ ಸೀಡ್ ಸೊನ್ನೆ, ಪಿಯರ್ ಸೊನ್ನೆ ಎಂದು ಕಾಣುವುದು ಅಪರೂಪವಲ್ಲ. ಶಾಸನ ಸಂಪುಟಕ್ಕೆ ಮುಗಿಬೀಳುವವರು ಎಷ್ಟು ಜನ? ಆದರೂ ಫೈಲ್ ಇಳಿಯುತ್ತದೆ. ಆರ್ಕೈವ್‌ನ ಸರ್ವರುಗಳೇ ವೆಬ್ ಸೀಡ್ ಆಗಿ ಟೊರೆಂಟ್‌ನೊಳಗೆ ನಮೂದಾಗಿರುತ್ತವೆ, ಅವು ಸೀಡರ್ ಕಾಲಮ್ಮಿನ ಎಣಿಕೆಗೆ ಬರುವುದಿಲ್ಲ. ಸೊನ್ನೆ ನೋಡಿ ಅಳಿಸಿಬಿಡುವ ಮೊದಲು ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಇದರ ಬೆನ್ನಿಗೇ ಬರುವ ದೂರು ಡೌನ್‌ಲೋಡ್ ಶೇ. 99ಕ್ಕೆ ನಿಂತುಬಿಡುವುದು. ವೈರಸ್ ಎನ್ನುವವರಿದ್ದಾರೆ, ಕಂಪನಿಯವರು ತಡೆಯುತ್ತಾರೆ ಎನ್ನುವವರೂ ಇದ್ದಾರೆ. ಸಾಮಾನ್ಯ ಟೊರೆಂಟ್‌ನಲ್ಲಿ ಕಾರಣ ತಿಳಿಯಲು ಅವೈಲಬಿಲಿಟಿ ಎಂಬ ಅಂಕಿ ನೋಡಬೇಕು. ಅದು ಒಂದಕ್ಕಿಂತ ಕಡಿಮೆ ಇದ್ದರೆ ಸದ್ಯ ಸಂಪರ್ಕದಲ್ಲಿರುವ ಎಲ್ಲರ ತುಣುಕು ಸೇರಿಸಿದರೂ ಫೈಲ್ ಪೂರ್ತಿಯಾಗದು. ಕಾಯುವುದು ಬಿಟ್ಟು ಬೇರೆ ಮದ್ದಿಲ್ಲ. ಆರ್ಕೈವ್‌ನಲ್ಲಿ ಕಾರಣ ಬೇರೆ. ಪುಸ್ತಕದ ಹೆಸರೋ ವಿಷಯವೋ ಯಾರಾದರೂ ತಿದ್ದಿದರೆ ಅದರ ವಿವರ ಬರೆದಿರುವ ಪುಟ್ಟ ಫೈಲ್ ಬದಲಾಗುತ್ತದೆ. ಟೊರೆಂಟ್‌ನಲ್ಲಿ ಪ್ರತಿ ತುಣುಕಿಗೂ ಹ್ಯಾಶ್ ಎಂಬ ಒಂದು ಗುರುತು ಇರುತ್ತದೆ, ಹೊಸ ತುಣುಕು ಹಳೆಯ ಹ್ಯಾಶಿಗೆ ತಾಳೆಯಾಗದೆ ಮತ್ತೆ ಮತ್ತೆ ತಿರಸ್ಕೃತವಾಗುತ್ತದೆ. ಪುಸ್ತಕ ಪೂರ್ತಿ ಬಂದಿರುತ್ತದೆ, ಕೆಲವು ಕಿಲೋಬೈಟ್‌ಗಾಗಿ ಪಟ್ಟಿ ತುಂಬಿರುವುದಿಲ್ಲ. ಆರ್ಕೈವ್‌ನಿಂದ ಹೊಸ ಟೊರೆಂಟ್ ಫೈಲ್ ತಂದು ಅದೇ ಫೋಲ್ಡರ್ ತೋರಿಸಿ ರೀಚೆಕ್ ಕೊಟ್ಟರೆ ಮುಗಿಯಿತು. ಮೊದಲಿಂದ ಇಳಿಸಬೇಕಾಗಿಲ್ಲ. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದಾಗಲೂ ಇದೇ ರೀಚೆಕ್ ಸಾಕು, ಅಷ್ಟಕ್ಕೆಲ್ಲ ಫೈಲ್ ಅಳಿಸಿ ಹೊಸದಾಗಿ ಶುರುಮಾಡುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಹ್ಯಾಶ್ ತಾಳೆಯಾಯಿತು, ಆದ್ದರಿಂದ ಫೈಲ್ ಸುರಕ್ಷಿತ ಎಂಬ ನಂಬಿಕೆಯೂ ಇದೆ. ಟೊರೆಂಟ್ ಮಾಡಿದವರು ಇಟ್ಟದ್ದೇ ನಿಮಗೆ ಬಂದಿದೆ ಎಂದಷ್ಟೇ ಅದು ಹೇಳುತ್ತದೆ. ಅವರು ಇಟ್ಟದ್ದು ಏನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

“ಟ್ರ್ಯಾಕರ್ ಲಿಸ್ಟ್ ಹಾಕು, ಕನೆಕ್ಷನ್ ಸಾವಿರಕ್ಕೆ ಏರಿಸು”

ಟ್ರ್ಯಾಕರ್ ಕೆಲಸ ಯಾರ ಹತ್ತಿರ ಫೈಲ್ ಇದೆ ಎಂದು ತಿಳಿಸುವುದು. ಇಲ್ಲದ ಸೀಡರ್‌ಗಳನ್ನು ಅದು ಹುಟ್ಟಿಸುವುದಿಲ್ಲ. ಸಾರ್ವಜನಿಕ ಟೊರೆಂಟ್‌ಗಳಲ್ಲಿ ಟ್ರ್ಯಾಕರ್ ಇಲ್ಲದೆಯೂ ಡಿಎಚ್‌ಟಿ ಎಂಬ ವ್ಯವಸ್ಥೆ ಪಿಯರ್‌ಗಳನ್ನು ಹುಡುಕುತ್ತದೆ. ಕನೆಕ್ಷನ್ ವಿಪರೀತ ಏರಿಸಿದರೆ ಕೇಬಲ್‌ನವರು ಕೊಟ್ಟ ಅಗ್ಗದ ಪೆಟ್ಟಿಗೆ ಅಷ್ಟೊಂದು ಸಂಪರ್ಕದ ಲೆಕ್ಕ ಇಡಲಾರದೆ ತಬ್ಬಿಬ್ಬಾಗುತ್ತದೆ, ಪಕ್ಕದ ಕೋಣೆಯಲ್ಲಿ ಧಾರಾವಾಹಿಯೂ ನಿಲ್ಲುತ್ತದೆ. ಆ್ಯಪ್‌ನಲ್ಲಿ ಮೊದಲೇ ಇರುವ ಸಂಖ್ಯೆಯನ್ನು ಮುಟ್ಟದಿರುವುದೇ ಒಳ್ಳೆಯದು.

“ಟೊರೆಂಟ್ ಅಂದ್ರೇನೇ ಕಳ್ಳಮಾಲು”, “ವಿಪಿಎನ್ ಇದ್ರೆ ಏನೂ ಆಗಲ್ಲ”

ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳನ್ನು ಅವುಗಳ ತಯಾರಕರೇ ಟೊರೆಂಟ್ ಮೂಲಕ ಹಂಚುತ್ತಾರೆ. ವಿಧಾನದಲ್ಲಿ ಅಪರಾಧವಿಲ್ಲ, ಹಂಚುವ ಮಾಲಿನಲ್ಲಿ ಇರಬಹುದು. 2016ರ ಆಗಸ್ಟ್‌ನಲ್ಲಿ ನಿರ್ಬಂಧಿತ ಪುಟ ತೆರೆದವರಿಗೆ ಮೂರು ವರ್ಷ ಜೈಲು ಎಂಬ ಎಚ್ಚರಿಕೆ ಕಂಡು ದೇಶವೆಲ್ಲ ಗಾಬರಿಯಾಗಿತ್ತು. ನೋಡುವುದೇ ಅಪರಾಧವಲ್ಲ, ಅನುಮತಿಯಿಲ್ಲದೆ ಹಂಚುವುದು, ಸಾರ್ವಜನಿಕವಾಗಿ ಪ್ರದರ್ಶಿಸುವುದು, ಮಾರುವುದು ಅಪರಾಧ ಎಂದು ಬಾಂಬೆ ಹೈಕೋರ್ಟ್‌ನ ನ್ಯಾಯಮೂರ್ತಿ ಗೌತಮ್ ಪಟೇಲ್ ಆಗ ಸ್ಪಷ್ಟಪಡಿಸಿದರು. ಇದನ್ನು ಓದಿ ಹಿಗ್ಗುವ ಮೊದಲು ಟೊರೆಂಟ್ ಕೆಲಸ ಮಾಡುವ ರೀತಿ ನೆನಪಾಗಲಿ. ಹೊಸ ಕನ್ನಡ ಸಿನಿಮಾ ಒಂದನ್ನು ‘ಬರೀ ಡೌನ್‌ಲೋಡ್’ ಮಾಡುವವರು ಅದೇ ಗಳಿಗೆಯಲ್ಲಿ ಅದರ ತುಣುಕುಗಳನ್ನು ಹಂಚುತ್ತಲೂ ಇರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಟೊರೆಂಟ್‌ನಲ್ಲಿ ನಿಮ್ಮ ಐಪಿ ವಿಳಾಸ ಜೊತೆಗಿರುವ ಪ್ರತಿಯೊಬ್ಬರಿಗೂ ಕಾಣುತ್ತದೆ. ಬ್ರೌಸರ್‌ನ ಇನ್‌ಕಾಗ್ನಿಟೊಗೂ ಇದಕ್ಕೂ ಸಂಬಂಧವಿಲ್ಲ. ವಿಪಿಎನ್ ವೇಗ ಹೆಚ್ಚಿಸುತ್ತದೆ ಎಂಬುದೂ ಸಾಮಾನ್ಯವಾಗಿ ಸುಳ್ಳು. ಬಹುಪಾಲು ವಿಪಿಎನ್‌ಗಳಲ್ಲಿ ಹೊರಗಿನವರಿಗೆ ನಿಮ್ಮನ್ನು ತಲುಪಲಾಗದು, ಅಂದರೆ ಸಿಜಿನ್ಯಾಟ್‌ನ ತೊಂದರೆಗೆ ನೀವೇ ದುಡ್ಡು ಕೊಟ್ಟಂತೆ.

“ಟೊರೆಂಟ್ ಮಾಡಿ ಲಿಂಕ್ ಕಳಿಸ್ದೆ, ಅಪ್‌ಲೋಡ್ ಆಯ್ತು”

ನಮ್ಮ ಕಡೆ ಊರಿನವರೇ ಬಣ್ಣ ಹಚ್ಚಿ ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುತ್ತಾರೆ. ಅದರ ಪೂರ್ತಿ ವಿಡಿಯೊ 40 ಜಿಬಿ ಆಯಿತೆನ್ನಿ. ಬೆಂಗಳೂರಿನಲ್ಲಿ ಕೂತ ಭಾವ, ಹಾಸನದ ಚಿಕ್ಕಪ್ಪ, ಮೈಸೂರಿನ ಅಕ್ಕ ಮೂವರೂ ಕೇಳುತ್ತಾರೆ. ಟೊರೆಂಟ್‌ಗೆ ಹೇಳಿ ಮಾಡಿಸಿದ ಸಂದರ್ಭ. ಆದರೆ ಮ್ಯಾಗ್ನೆಟ್ ಲಿಂಕ್ ಎಂದರೆ ಮುಖ್ಯವಾಗಿ ಒಂದು ಗುರುತಿನ ಸಂಖ್ಯೆ, ಫೈಲ್ ಅಲ್ಲ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದರೆ ಎಲ್ಲಿಯೂ ಏನೂ ಹೋಗಿರುವುದಿಲ್ಲ, ಆ ಕಡೆಯವರಿಗೆ ಒಳಗಿರುವ ಫೈಲುಗಳ ಪಟ್ಟಿ ಕೂಡ ಕಾಣುವುದಿಲ್ಲ. ಒಂದು ಪೂರ್ತಿ ಪ್ರತಿ ಹೊರಗೆ ಹೋಗುವ ತನಕ ನಿಮ್ಮ ಯಂತ್ರ ಎಚ್ಚರವಿರಬೇಕು. ಅಪ್‌ಲೋಡ್ 20 ಎಂಬಿಪಿಎಸ್ ಇದ್ದರೆ 40 ಜಿಬಿಗೆ ಸುಮಾರು ನಾಲ್ಕೂವರೆ ಗಂಟೆ. ಮೂವರಿಗೂ ಬೇರೆ ಬೇರೆ ಕಳಿಸಿದರೆ ಹದಿಮೂರು ಗಂಟೆ ಮೀರುತ್ತದೆ. ಟೊರೆಂಟ್‌ನಲ್ಲಿ ಅವರವರ ನಡುವೆಯೇ ತುಣುಕುಗಳು ಓಡಾಡುವುದರಿಂದ ಮೊದಲ ಲೆಕ್ಕಕ್ಕೆ ಹತ್ತಿರದಲ್ಲೇ ಕೆಲಸ ಮುಗಿಯಬಹುದು. ಆ್ಯಪ್‌ನಲ್ಲಿ ಸೂಪರ್ ಸೀಡಿಂಗ್ ಎಂಬ ಆಯ್ಕೆ ಇದ್ದರೆ ಹಾಕಿ. ಕೊಟ್ಟ ತುಣುಕನ್ನೇ ಮತ್ತೆ ಕೊಡುವುದನ್ನು ಅದು ತಪ್ಪಿಸುತ್ತದೆ. ನಾಲ್ವರೂ ಹಂಚಿಕೆ ವಿಳಾಸದ ಹಿಂದಿದ್ದರೆ ಮಾತ್ರ ಯಾವುದೂ ನಡೆಯದು. ಒಬ್ಬರಿಗಾದರೂ ಸಾರ್ವಜನಿಕ ಐಪಿ ಇರಬೇಕು, ಇಲ್ಲವೇ ಎಲ್ಲರಿಗೂ ಐಪಿವಿ6.

ಉಳಿಸುವ ಜಾಗವನ್ನೂ ಮೊದಲೇ ಕೇಳಿಕೊಳ್ಳಿ. ಎಷ್ಟೋ ಪೆನ್ ಡ್ರೈವ್‌ಗಳು ಫ್ಯಾಟ್32 ಮಾದರಿಯವು, ಅವು 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಹಿಡಿಸಿಕೊಳ್ಳುವುದಿಲ್ಲ. 64 ಜಿಬಿ ಡ್ರೈವ್ ಖಾಲಿಯಿದ್ದರೂ ಡೌನ್‌ಲೋಡ್ ಎರರ್ ಕೊಟ್ಟು ನಿಲ್ಲುತ್ತದೆ, ಬೈಗುಳ ಕಳಿಸಿದವರಿಗೆ ಬೀಳುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಲು ಚಿಕ್ಕಪ್ಪನಿಗೆ ಮೊದಲೇ ಹೇಳಿಬಿಡಿ, ಅದರಲ್ಲಿರುವ ಹಳೆಯ ಫೋಟೊಗಳನ್ನು ಬೇರೆಡೆ ಕಾಪಿ ಮಾಡಿಟ್ಟ ಮೇಲೆ.