ರಾಷ್ಟ್ರಪ್ರಾಣಿ ಎಂಬ ಪಟ್ಟ: ಒಂದು ಅಂಕದ ಉತ್ತರದ ಹಿಂದೆ ಏನಿದೆ?

ಎಂಟನೆಯ ತರಗತಿಯ ವಿಜ್ಞಾನದಲ್ಲಿ 'ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ' ಎಂಬ ಘಟಕವಿದೆ. ಇದರ ಪಾಠಯೋಜನೆ ಬರೆಯುವಾಗ ಪೂರ್ವಜ್ಞಾನ ಪರೀಕ್ಷೆಗೆಂದು ಪ್ರಶಿಕ್ಷಣಾರ್ಥಿಗಳಾದ ನಾವು ಸಾಮಾನ್ಯವಾಗಿ ಇಟ್ಟುಕೊಳ್ಳುವ ಪ್ರಶ್ನೆ, 'ನಮ್ಮ ರಾಷ್ಟ್ರಪ್ರಾಣಿ ಯಾವುದು?' ಇಡೀ ತರಗತಿ 'ಹುಲಿ' ಎನ್ನುತ್ತದೆ. ನಾವು 'ಉತ್ತಮ' ಎಂದು ಹೇಳಿ ಮುಂದಿನ ಹಂತಕ್ಕೆ ಹೋಗುತ್ತೇವೆ. ಆ ಪ್ರಶ್ನೆಯ ಪಕ್ಕದಲ್ಲಿ ಇನ್ನೆರಡು ಪ್ರಶ್ನೆಗಳನ್ನು ಇಡಬೇಕು ಎಂಬುದು ಈ ಲೇಖನದ ಆಶಯ: ಯಾರು ಆರಿಸಿದರು? ಯಾವ ಕಾರಣಕ್ಕೆ ಆರಿಸಿದರು?

ಈ ಪ್ರಶ್ನೆಗಳು ಬಂದದ್ದು ಮಕ್ಕಳಿಂದಲೇ. ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮೂರು ಪ್ರೌಢಶಾಲೆಗಳಲ್ಲಿ ಈ ಘಟಕವನ್ನು ಬೋಧಿಸಿದೆ. ಪ್ರತಿ ಶಾಲೆಯಲ್ಲೂ ಒಂದೊಂದು ಪ್ರಶ್ನೆ ಎದ್ದಿತು. ಅವನ್ನೇ ಅನುಸರಿಸಿ ವಿಷಯವನ್ನು ವಿವರಿಸುತ್ತೇನೆ.

ಮೊದಲ ಪ್ರಶ್ನೆ: ರೊಕ್ಕದ ಮೇಲಿನ ಸಿಂಹ

"ಸರ್, ರೊಕ್ಕದ ಮ್ಯಾಲ ಸಿಂಹ ಐತೆಲ್ರಿ, ಮತ್ತ ಹುಲಿ ಹೆಂಗ ರಾಷ್ಟ್ರಪ್ರಾಣಿ ಆತ್ರಿ?" ಎಂದು ಗೋಕಾಕದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ನಾಣ್ಯದ ಮೇಲಿರುವುದು ರಾಷ್ಟ್ರಲಾಂಛನ. ಸಾರನಾಥದ ಅಶೋಕಸ್ತಂಭದ ಸಿಂಹಬೋದಿಗೆಯಿಂದ ತೆಗೆದುಕೊಂಡ ಈ ಲಾಂಛನವನ್ನು 1950ರ ಜನವರಿ 26ರಂದು ಅಂಗೀಕರಿಸಲಾಯಿತು. ಇದರ ದುರ್ಬಳಕೆ ತಡೆಯಲು 2005ರ ಕಾಯ್ದೆಯೇ ಇದೆ. ಲಾಂಛನವೆಂದರೆ ರಾಜ್ಯಾಧಿಕಾರದ ಗುರುತು. ಅದಕ್ಕೂ ಕಾಡಿನ ಸಿಂಹಕ್ಕೂ ನೇರ ಸಂಬಂಧವಿಲ್ಲ.

ರಾಷ್ಟ್ರಪ್ರಾಣಿ ಹಾಗಲ್ಲ. ಅದರ ಮಾತು ಸಂವಿಧಾನದಲ್ಲಿ ಇಲ್ಲ. ಅದು ವನ್ಯಜೀವಿ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿಯ ಮೂಲಕ ಬಂದ ತೀರ್ಮಾನ. ಮೊದಲು ಆ ಸ್ಥಾನದಲ್ಲಿ ಇದ್ದದ್ದೂ ಸಿಂಹವೇ. ಆದರೆ ಏಷ್ಯಾದ ಸಿಂಹ ಉಳಿದಿದ್ದುದು ಗುಜರಾತಿನ ಗಿರ್ ಅರಣ್ಯ ಒಂದರಲ್ಲಿ ಮಾತ್ರ. 1968ರ ಎಣಿಕೆಯಲ್ಲಿ ಅವು 177. ಹುಲಿ ಹಿಮಾಲಯದ ತಪ್ಪಲಿನಿಂದ ನಮ್ಮ ಬಂಡೀಪುರದವರೆಗೆ, ಸುಂದರಬನದಿಂದ ರಣಥಂಬೋರಿನವರೆಗೆ ಹರಡಿತ್ತು. ಅದೇ ಹೊತ್ತಿಗೆ ಅದು ವೇಗವಾಗಿ ಅಳಿಯುತ್ತಲೂ ಇತ್ತು. 1969ರಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆಯಲ್ಲಿ ಹುಲಿಯ ಸ್ಥಿತಿ ಚರ್ಚೆಗೆ ಬಂತು. 1972ರ ಗಣತಿ ಸುಮಾರು 1,800 ಹುಲಿಗಳನ್ನಷ್ಟೇ ತೋರಿಸಿತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1972–73ರಲ್ಲಿ ರಾಷ್ಟ್ರಪ್ರಾಣಿಯ ಸ್ಥಾನ ಸಿಂಹದಿಂದ ಹುಲಿಗೆ ಬಂತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಒಂಬತ್ತು ಮೀಸಲು ಅರಣ್ಯಗಳಲ್ಲಿ ಆರಂಭವಾಯಿತು. ಬಂಡೀಪುರ ಆ ಒಂಬತ್ತರಲ್ಲಿ ಒಂದು.

ಈ ಕ್ರಮವನ್ನು ಕಪ್ಪು ಹಲಗೆಯ ಮೇಲೆ ಕಾಲರೇಖೆಯಾಗಿ ಬರೆದರೆ ಮಕ್ಕಳಿಗೆ ಒಂದು ಸಂಗತಿ ತಾನಾಗಿ ಕಾಣುತ್ತದೆ. ಹುಲಿಗೆ ಪಟ್ಟ ಸಿಕ್ಕಿದ್ದು ಅದು ಬಲಶಾಲಿ ಎಂಬ ಕಾರಣಕ್ಕಷ್ಟೇ ಅಲ್ಲ, ಅದು ಅಳಿವಿನ ಅಂಚಿನಲ್ಲಿತ್ತು ಎಂಬ ಕಾರಣಕ್ಕೂ ಹೌದು. 2022ರ ಅಂದಾಜಿನಲ್ಲಿ ದೇಶದಲ್ಲಿ ಕನಿಷ್ಠ 3,167 ಹುಲಿಗಳಿವೆ, ಕರ್ನಾಟಕದಲ್ಲಿ 563. ಆದರೆ ಈ ಏರಿಕೆಗೆ ಕಾರಣ ಪಟ್ಟವೊಂದೇ ಎಂದು ಕಲಿಸಬಾರದು. ಕಾಯ್ದೆ, ಕಾವಲು, ಹಣ ಮತ್ತು ಕಾಡಿನೊಳಗಿನ ಊರುಗಳ ಜನ ಬಿಟ್ಟುಕೊಟ್ಟ ನೆಲ ಎಲ್ಲವೂ ಅದರ ಹಿಂದಿವೆ.

ಎರಡನೆಯ ಪ್ರಶ್ನೆ: ಹೊಲದ ನವಿಲು

ಮೂಡಲಗಿಯ ಹುಡುಗನ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. "ಸರ್, ಬಿತ್ತಿದ ಶೇಂಗಾ ನವಿಲ ಕೆದರಿ ತಿಂತಾವ್ರಿ. ರಾಷ್ಟ್ರಪಕ್ಷಿ ಐತಿ, ಏನೂ ಮಾಡಾಕ ಬರೂದಿಲ್ಲ ಅಂತಾನ್ರಿ ನಮ್ಮಪ್ಪ. ಅದನ್ನ ರಾಷ್ಟ್ರಪಕ್ಷಿ ಮಾಡಿದವ್ರು ಯಾರ್ರಿ?"

ನವಿಲು ರಾಷ್ಟ್ರಪಕ್ಷಿಯಾದದ್ದು 1963ರಲ್ಲಿ. ಅದಕ್ಕೂ ಮೊದಲು, 1960ರಲ್ಲಿ, ಟೋಕಿಯೋದಲ್ಲಿ ಸೇರಿದ ಅಂತರರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿಯು ಪ್ರತಿ ದೇಶವೂ ಒಂದು ಪಕ್ಷಿಯನ್ನು ಆರಿಸಿಕೊಳ್ಳಬೇಕೆಂದು ಕೇಳಿಕೊಂಡಿತ್ತು. ನಮ್ಮ ದೇಶದಲ್ಲಿ ನಡೆದ ಚರ್ಚೆಯನ್ನು ವನ್ಯಜೀವಿ ಲೇಖಕ ಎಂ. ಕೃಷ್ಣನ್ 1961ರಲ್ಲಿ ಬರೆದಿದ್ದಾರೆ. ಸಾರಸ, ಗರುಡ, ಹಂಸ, ಎರೆಭೂತ ಪಕ್ಷಿಗಳ ಹೆಸರೂ ಮುಂದೆ ಬಂದಿದ್ದವು. ಆಯ್ಕೆಗೆ ಇಟ್ಟುಕೊಂಡ ಮಾನದಂಡಗಳು ಹೀಗಿದ್ದವು: ಪಕ್ಷಿ ದೇಶದಲ್ಲಿ ವ್ಯಾಪಕವಾಗಿ ಹರಡಿರಬೇಕು, ಸಾಮಾನ್ಯ ಜನ ಗುರುತಿಸುವಂತಿರಬೇಕು, ಚಿತ್ರವಾಗಿ ಬಿಡಿಸಲು ಒಪ್ಪುವಂತಿರಬೇಕು, ಜನರ ಕಥೆ–ಪುರಾಣಗಳಲ್ಲಿ ಬೆರೆತಿರಬೇಕು. ಈ ನಾಲ್ಕರಲ್ಲೂ ನವಿಲು ಗೆದ್ದಿತು.

ಎರೆಭೂತದ ಪರವಾಗಿ ವಾದಿಸಿದವರು ಪಕ್ಷಿವಿಜ್ಞಾನಿ ಸಲೀಂ ಅಲಿ. ಅವರ ಕಾರಣವೂ ಸರಳ: ನವಿಲು ಹೇಗೂ ಬದುಕುತ್ತದೆ, ಎರೆಭೂತಕ್ಕೆ ನೆರವು ಬೇಕು. ಎರೆಭೂತ ಬಯಲುಸೀಮೆಯ ಹುಲ್ಲುಗಾವಲಿನ ದೊಡ್ಡ ಹಕ್ಕಿ. ಇಂದು ದೇಶದಲ್ಲಿ ಅವು ಇನ್ನೂರಕ್ಕಿಂತ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಭಾಗದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿವೆ. ಅಂದರೆ ಹುಲಿಯ ಆಯ್ಕೆಯಲ್ಲಿ 'ಯಾವುದಕ್ಕೆ ರಕ್ಷಣೆ ಬೇಕು' ಎಂಬುದಕ್ಕೆ ತೂಕ ಸಿಕ್ಕಿತು. ಪಕ್ಷಿಯ ಆಯ್ಕೆಯಲ್ಲಿ 'ಯಾವುದನ್ನು ಎಲ್ಲರೂ ಬಲ್ಲರು' ಎಂಬುದಕ್ಕೆ.

ಹುಡುಗನ ಅಪ್ಪನ ಮಾತಿಗೂ ಉತ್ತರ ಬೇಕು. ನವಿಲನ್ನು ಕಾಯುತ್ತಿರುವುದು 'ರಾಷ್ಟ್ರಪಕ್ಷಿ' ಎಂಬ ಹೆಸರಲ್ಲ, 1972ರ ಕಾಯ್ದೆಯ ಒಂದನೆಯ ಅನುಸೂಚಿ. ಅದರಲ್ಲಿರುವ ಪ್ರಾಣಿಯನ್ನು ಕೊಂದರೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆವಾಸ. ಉರುಲು ಹಾಕುವುದು, ವಿಷ ಹಚ್ಚಿದ ಕಾಳು ಚೆಲ್ಲುವುದು ಸಹ ಬೇಟೆಯೇ. ಹೊಲ ಕಾಯುತ್ತ ಡಬ್ಬಿ ಬಾರಿಸಿ ನವಿಲನ್ನು ಎಬ್ಬಿಸುವುದು ಬೇಟೆಯಲ್ಲ. ಈ ವ್ಯತ್ಯಾಸವನ್ನು ರೈತರ ಮಕ್ಕಳಿಗೆ ಸ್ಪಷ್ಟವಾಗಿ ಹೇಳುವುದು 'ನವಿಲು ಸುಂದರ ಪಕ್ಷಿ' ಎನ್ನುವುದಕ್ಕಿಂತ ಉಪಯುಕ್ತ.

ಮೂರನೆಯ ಪ್ರಶ್ನೆ: ಕಾಣದ ಆನೆ, ಇಲ್ಲದ ಗಂಡಭೇರುಂಡ

"ರಾಜ್ಯಪ್ರಾಣಿ ಆನೆ ಅಂತೀರಿ, ನಮ್ಮ ಕಡೆ ಆನೆ ಎಲ್ಲದಾವ್ರಿ?" ಇದು ಹುಕ್ಕೇರಿಯ ಪ್ರಶ್ನೆ. 2023ರ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಆದರೆ ಅವುಗಳ ಮುಖ್ಯ ನೆಲೆ ಮೈಸೂರು, ಚಾಮರಾಜನಗರ, ಕೊಡಗಿನ ಕಾಡುಗಳು. ಇನ್ನು ರಾಜ್ಯಲಾಂಛನದ ಗಂಡಭೇರುಂಡ ಎಲ್ಲಿಯೂ ಇಲ್ಲ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭದಿಂದ ಮೈಸೂರು ಒಡೆಯರ ಮುದ್ರೆಯವರೆಗೆ ನಡೆದು ಬಂದ ಕಲ್ಪನೆಯ ಹಕ್ಕಿ ಅದು. ಸಂಕೇತಕ್ಕೆ ಜೀವಂತ ಪ್ರಾಣಿಯೇ ಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಕಣ್ಣಿಗೆ ಕಾಣುವ ಸಂಕೇತವೂ ನಮಗಿದೆ: ರಾಜ್ಯಪಕ್ಷಿ ನೀಲಕಂಠ. ಕರೆಂಟ್ ತಂತಿಯ ಮೇಲೆ ಕುಳಿತು ಹೊಲದ ಮಿಡತೆ ಹಿಡಿಯುವ ಹಕ್ಕಿ. ಹೆಸರಿನಲ್ಲಿ ಕಂಠ ನೀಲಿಯಾದರೂ ನಿಜವಾದ ನೀಲಿ ಇರುವುದು ರೆಕ್ಕೆಯಲ್ಲಿ. ಅದು ಹಾರಿದಾಗ ನೋಡಿ ಹೇಳಲು ಮಕ್ಕಳಿಗೆ ಬಿಡಬೇಕು. ದೇಶದ ಪಕ್ಷಿಗಳ ಸ್ಥಿತಿ ಕುರಿತ 2023ರ ವರದಿಯು ಈ ಹಕ್ಕಿಯ ಸಂಖ್ಯೆ ಇಳಿಯುತ್ತಿದೆ ಎಂದು ಎಚ್ಚರಿಸಿದೆ. ಪಟ್ಟ ಇದ್ದೂ ಪ್ರಾಣಿ ಕಡಿಮೆಯಾಗಬಹುದು.

ಇದರ ಇನ್ನೊಂದು ಮುಖ ಅಮೆರಿಕದಲ್ಲಿದೆ. ಬೋಳುತಲೆಯ ಹದ್ದು 1782ರಿಂದ ಅಲ್ಲಿನ ರಾಜಮುದ್ರೆಯಲ್ಲಿದೆ. ಆದರೂ 1963ರ ವೇಳೆಗೆ ಅಲಾಸ್ಕಾ ಬಿಟ್ಟು ಉಳಿದ ಕಡೆ ಕೇವಲ 400ರಷ್ಟು ಜೋಡಿಗಳು ಉಳಿದಿದ್ದವು. 1972ರಲ್ಲಿ ಡಿಡಿಟಿ ನಿಷೇಧಿಸಿದ ನಂತರ ಅದು ಚೇತರಿಸಿಕೊಂಡಿತು. ಅದನ್ನು ಕಾನೂನಿನ ಪ್ರಕಾರ 'ರಾಷ್ಟ್ರಪಕ್ಷಿ' ಎಂದು ಘೋಷಿಸಿದ್ದು 2024ರ ಡಿಸೆಂಬರಿನಲ್ಲಿ! ಹಕ್ಕಿ ಉಳಿದದ್ದು ಹೆಸರಿನಿಂದಲ್ಲ, ವಿಷ ನಿಂತದ್ದರಿಂದ.

ತರಗತಿಯಲ್ಲಿ ಬಳಸುವ ಬಗೆ

ಒಂದು ಅವಧಿಯಲ್ಲಿ ಇದನ್ನು ಗುಂಪು ಚಟುವಟಿಕೆಯಾಗಿ ಮಾಡಬಹುದು. ಮೇಲಿನ ನಾಲ್ಕು ಮಾನದಂಡಗಳ ಜೊತೆಗೆ ಐದನೆಯದಾಗಿ 'ರಕ್ಷಣೆಯ ಅಗತ್ಯ' ಎಂಬುದನ್ನು ಸೇರಿಸಿ ಹಲಗೆಯ ಮೇಲೆ ಬರೆಯಿರಿ. 'ನಮ್ಮ ತಾಲೂಕಿಗೆ ಒಂದು ಪ್ರಾಣಿ ಆರಿಸಿ, ಕಾರಣ ಕೊಡಿ' ಎಂದು ಹೇಳಿ ಹದಿನೈದು ನಿಮಿಷ ಬಿಡಿ. ಮೂಡಲಗಿಯಲ್ಲಿ ಒಂದು ಗುಂಪು ಖಿಲಾರಿ ಎತ್ತನ್ನು ಆರಿಸಿತು, ಇನ್ನೊಂದು ತೋಳವನ್ನು. ಕೂಡಲೇ ಕುರಿಗಾರರ ಮನೆಯ ಹುಡುಗಿ ಎದ್ದು, "ಕುರಿ ಒಯ್ಯೂದಕ್ಕ ಪಟ್ಟ ಕಟ್ಟತೀರೇನು?" ಎಂದಳು. ತೋಳದ ಗುಂಪು, "ಹುಲಿ ಏನು ಹುಲ್ಲ ತಿಂತೈತೇನು?" ಎಂದಿತು. ಸಂರಕ್ಷಣೆಯ ಖರ್ಚು ಯಾರು ಹೊರುತ್ತಾರೆ ಎಂಬ ಚರ್ಚೆ ನಾನು ಎತ್ತದೆಯೇ ಅಲ್ಲಿಂದ ಶುರುವಾಯಿತು.

ಇಂಥ ಚರ್ಚೆಯಲ್ಲಿ ಶಿಕ್ಷಕರು ತೀರ್ಪು ಕೊಡದಿರುವುದು ಒಳ್ಳೆಯದು. ಪ್ರತಿ ಗುಂಪು ತನ್ನ ಆಯ್ಕೆಗೆ ಯಾವ ಮಾನದಂಡವನ್ನು ಮುಖ್ಯ ಮಾಡಿಕೊಂಡಿತು ಎಂಬುದನ್ನು ಮಾತ್ರ ಹಲಗೆಯ ಮೇಲೆ ಗುರುತಿಸಿದರೆ ಸಾಕು. ಮೌಲ್ಯಮಾಪನಕ್ಕೆ 'ರಾಷ್ಟ್ರಪ್ರಾಣಿ ಯಾವುದು?' ಎಂಬ ಒಂದು ಅಂಕದ ಪ್ರಶ್ನೆಯ ಬದಲು ಮೂರು ಅಂಕದ ಈ ಪ್ರಶ್ನೆ ಇಡಬಹುದು: 'ರಾಷ್ಟ್ರಪ್ರಾಣಿ ಎಂದು ಘೋಷಿಸುವುದರಿಂದ ಮಾತ್ರ ಒಂದು ಪ್ರಾಣಿ ಉಳಿಯುತ್ತದೆಯೇ? ಎರಡು ಉದಾಹರಣೆಗಳೊಂದಿಗೆ ಬರೆಯಿರಿ.' ಉತ್ತರ ಪತ್ರಿಕೆಯಲ್ಲಿ ಹುಲಿಯ ಜೊತೆ ನೀಲಕಂಠವೂ ಬಂದರೆ ಘಟಕದ ಕಲಿಕಾ ಫಲ ಈಡೇರಿದೆ ಎಂದು ತಿಳಿಯಬಹುದು.