ಜೋಡುನಳಿಗೆಯಿಂದ ರಿವಾಲ್ವರಿಗೆ

1799ರ ಮಾರ್ಚ್ 6ರಂದು ಪಿರಿಯಾಪಟ್ಟಣಕ್ಕೆ ಅನತಿದೂರದಲ್ಲಿ, ಕೊಡಗಿನ ಗಡಿಯ ಸಿದ್ಧೇಶ್ವರದ ದಟ್ಟಾರಣ್ಯದಲ್ಲಿ ಟಿಪ್ಪುಸುಲ್ತಾನನ ಸೇನೆಗೂ ಕಂಪೆನಿಯ ಮುಂಬಯಿ ಸೇನೆಗೂ ಕದನವಾಯಿತು. ಇಂತಹ ಕಾಡಿನ ಕಾಳಗದಲ್ಲಿ ಶತ್ರುವು ಕೆಲವೇ ಮಾರುಗಳಾಚೆ ಎದುರಾಗುವನು; ಚಕಮಕಿ ಪಿಸ್ತೂಲಾದರೋ ಒಮ್ಮೆ ಹಾರಿದರೆ ಬರಿದು. ಮದ್ದು ಸುರಿದು, ಗುಂಡನ್ನು ಗಜದಿಂದ ಜಡಿದು, ಚಕಮಕಿಯ ಬಟ್ಟಲಿಗೆ ಮತ್ತೆ ಮದ್ದಿಡುವಷ್ಟರಲ್ಲಿ ಪ್ರಾಣವೇ ಹೋಗಬಹುದು.

ಈ ಕೊರತೆಗೆ ಒಂದು ಪರಿಹಾರವೆಂದರೆ ನಳಿಗೆಗಳನ್ನು ಹೆಚ್ಚಿಸುವುದು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಜೋಡುನಳಿಗೆಯ ಚಕಮಕಿ ಪಿಸ್ತೂಲುಗಳು ತಯಾರಾದುದು ಉಳಿದುಬಂದಿರುವ ಆಯುಧಗಳಿಂದಲೇ ಸಿದ್ಧವಾಗುತ್ತದೆ. ಆದುದರಿಂದ ಈ ವಿದ್ಯೆಯಲ್ಲಿ ಮೈಸೂರು ಪರರಿಂದ ಕೊಳ್ಳುವ ರಾಜ್ಯ ಮಾತ್ರವಾಗಿರಲಿಲ್ಲ.

ಆದರೆ ನಳಿಗೆಗಳು ಹೆಚ್ಚಿದಂತೆ ತೂಕವೂ ಹೆಚ್ಚಿತು. ಪ್ರತಿ ನಳಿಗೆಗೂ ಕಿಡಿ ಮುಟ್ಟಿಸುವ ತೊಡಕೂ ಬೆಳೆಯಿತು. ಪೆಟ್ಟಿಗೆ ಸಿಡಿಯುವ ತಾಮ್ರದ ಟೋಪಿ ಬಳಕೆಗೆ ಬಂದಮೇಲೆ ಎರಡನೆಯ ತೊಡಕು ನೀಗಿತು. 1830ರ ದಶಕದಲ್ಲಿ ಅಮೆರಿಕ, ಬೆಲ್ಜಿಯಂಗಳಲ್ಲಿ ನಳಿಗೆಗಳ ಗೊಂಚಲೇ ತಿರುಗುವ ‘ಪೆಪ್ಪರ್‌ಬಾಕ್ಸ್’ ಪಿಸ್ತೂಲುಗಳು ಹೊರಟವು. ತೂಕದ ತೊಡಕಿಗೆ ಉತ್ತರವಿತ್ತುದು ಸ್ಯಾಮ್ಯುಯೆಲ್ ಕೋಲ್ಟನು 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರು: ಅಲ್ಲಿ ತಿರುಗುವುದು ಮದ್ದುಗುಂಡು ತುಂಬಿದ ಉರುಳೆ; ನಳಿಗೆ ಒಂದೇ.

ಹಲವು ನಳಿಗೆಗಳಿಂದ ಒಂದಕ್ಕೆ ಮರಳಿದುದೇ ಈ ಚರಿತ್ರೆಯ ಸಾರ. ಎರಡನೆಯ ಗುಂಡಿನ ಪ್ರಶ್ನೆಗೆ ನಮ್ಮ ನಾಡಿನ ಕುಶಲಿಗಳೂ ಉತ್ತರವನ್ನು ಅರಸಿದ್ದರೆಂಬುದನ್ನು ಅದರೊಡನೆ ನೆನೆಯತಕ್ಕುದು.