ಲಾಯ ಮೊದಲು, ಅರಮನೆ ಆಮೇಲೆ

ಇಂಗ್ಲೆಂಡಿನ ದಕ್ಷಿಣ ಕಡಲತೀರದ ಬ್ರೈಟನ್ನಿಗೆ ಹೋದವರೆಲ್ಲ ರಾಯಲ್ ಪೆವಿಲಿಯನ್ ಅರಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಗುಮ್ಮಟ, ಮಿನಾರು, ಜಾಲಂಧ್ರಗಳ ಈ ಕಟ್ಟಡ ದೆಹಲಿಯದೋ ಲಖನೌದೋ ಅನ್ನಿಸಬೇಕು. ನನ್ನ ಆಸಕ್ತಿಯೆಲ್ಲ ಅದರ ಪಕ್ಕದ ಕುದುರೆ ಲಾಯದ ಮೇಲೆ. ಈ ಹಿಂದೂಸ್ತಾನಿ ವೇಷವನ್ನು ಅಲ್ಲಿ ಮೊದಲು ತೊಟ್ಟದ್ದೇ ಲಾಯ!

ಇಂಗ್ಲಿಷ್ ಸಿರಿವಂತರ ಹಳ್ಳಿಬಂಗಲೆಗಳ ಲಾಯಕ್ಕೆ ಒಂದು ಮಾಮೂಲು ನಕ್ಷೆಯಿತ್ತು. ನಮ್ಮ ತೊಟ್ಟಿಮನೆಯಂತೆ ನಡುವೆ ಅಂಗಳ, ಸುತ್ತ ನಾಲ್ಕು ಸಾಲು ಕಟ್ಟಡ. ಹೆಬ್ಬಾಗಿಲ ಕಮಾನಿನ ಮೇಲೆ ಗಡಿಯಾರದ ಗೋಪುರ. ಕೆಳಗೆ ಕುದುರೆ, ಸಾರೋಟು. ಮೇಲೆ ಹುಲ್ಲಿನ ಅಟ್ಟ, ಆಳುಗಳ ಕೋಣೆ. ಡೆವನ್‌ಶೈರ್ ಡ್ಯೂಕನಿಗಾಗಿ ಜೇಮ್ಸ್ ಪೇನ್ ಚಾಟ್ಸ್‌ವರ್ತ್‌ನಲ್ಲಿ 1760ರ ಆಸುಪಾಸಿನಲ್ಲಿ ಕಟ್ಟಿದ ಲಾಯ ಈ ಬಗೆಯದು.

ಬ್ರೈಟನ್ನಿನಲ್ಲಿ ವಾಸ್ತುಶಿಲ್ಪಿ ವಿಲಿಯಂ ಪೋರ್ಡನ್ ಈ ಚೌಕವನ್ನೇ ಕೈಬಿಟ್ಟ. ಮುಂದೆ ನಾಲ್ಕನೇ ಜಾರ್ಜ್ ಆಗಲಿದ್ದ ಯುವರಾಜನಿಗೆ ಕುದುರೆಗಳ ಹುಚ್ಚು. ಅವನಿಗಾಗಿ 1803ರಲ್ಲಿ ಶುರುವಾಗಿ 1808ರಲ್ಲಿ ಮುಗಿದ ಈ ಲಾಯ ದುಂಡಗಿತ್ತು. ಮೇಲೆ 80 ಅಡಿ ಅಗಲದ, 65 ಅಡಿ ಎತ್ತರದ ಒಂದೇ ಗುಮ್ಮಟ. ಅದರಲ್ಲಿ ಕೂರಿಸಿದ ಗಾಜಿನಿಂದ ಬೆಳಕು ಸುರಿಯುತ್ತಿತ್ತು. ನಟ್ಟನಡುವೆ ನೀರಿನ ಕೊಳ, ಗೋಡೆಗುಂಟ 44 ಕುದುರೆಗಳ ಅಂಕಣಗಳು. ಮೇಲಂತಸ್ತಿನ ಸುತ್ತುಮೊಗಸಾಲೆಗೆ ಹೊಂದಿಕೊಂಡು ಆಳುಗಳ ವಸತಿ. ಕುದುರೆಯೊಂದು ನಡುರಾತ್ರಿ ಕೆನೆದರೆ ಮೊದಲು ನಿದ್ದೆ ಕೆಡುತ್ತಿದ್ದುದು ಅವರದೇ.

ಗುಮ್ಮಟದ ಕಲ್ಪನೆ ಬಂದದ್ದು ಪ್ಯಾರಿಸ್ಸಿನ ಧಾನ್ಯಪೇಟೆಯ ಕಟ್ಟಡದಿಂದ. ಅಲಂಕಾರಕ್ಕೆ ಸ್ಫೂರ್ತಿ, ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಭಾರತವನ್ನೆಲ್ಲ ಸುತ್ತಿ ಬರೆದ ಚಿತ್ರಗಳು. ಆಗ ಯುವರಾಜನ ಸ್ವಂತ ಮನೆ ಇದರ ಮುಂದೆ ಸಪ್ಪೆಯಾಗಿ ಕಾಣುತ್ತಿತ್ತು. 1815ರಿಂದ ಜಾನ್ ನ್ಯಾಶ್ ಆ ಮನೆಗೆ ಗುಮ್ಮಟ, ಮಿನಾರುಗಳನ್ನು ತೊಡಿಸಿದ. ಲಾಯದ ಸರಿಸಮಕ್ಕೆ ಅರಮನೆ ಏರಬೇಕಾಯಿತು.

1850ರಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇದೆಲ್ಲ ಊರಿನ ಕೈಸೇರಿತು. 1867ರಲ್ಲಿ ಲಾಯ ಸಂಗೀತ ಸಭಾಂಗಣವಾಯಿತು. 1914ರ ಡಿಸೆಂಬರ್‌ನಲ್ಲಿ ಅರಮನೆಯೂ ಲಾಯವೂ ಮೊದಲ ಮಹಾಯುದ್ಧದ ವೇಳೆ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾದವು. ಜಾತಿ, ಮತ, ಆಹಾರಪದ್ಧತಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳು. ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನೀರಿನ ನಲ್ಲಿ. ನಮ್ಮ ದೇಶದ ಕಟ್ಟಡಗಳ ಪಡಿಯಚ್ಚಿನ ಅಡಿಯಲ್ಲಿ ಮಲಗಿದ್ದ ಆ ಸಿಪಾಯಿಗಳಿಗೆ ಮೇಲೆ ನೋಡಿದಾಗ ಏನನ್ನಿಸಿರಬಹುದು?

ಇಂದು ಲಾಯದ ಹೆಸರು ಬ್ರೈಟನ್ ಡೋಮ್. 1974ರಲ್ಲಿ ಅಬ್ಬಾ ತಂಡ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದದ್ದು ಇಲ್ಲೇ. ಒಳಾಂಗಣವನ್ನು 1930ರ ದಶಕದಲ್ಲಿ ಪೂರಾ ಬದಲಿಸಿದ್ದರಿಂದ, ಕುರ್ಚಿಯಲ್ಲಿ ಕೂತವರಿಗೆ ಲಾಯದ ಸುಳಿವು ಹತ್ತುವುದು ಕಷ್ಟ. ಬಳಕೆ ಬದಲಾದದ್ದರಿಂದಲೇ ಕಟ್ಟಡ ಉಳಿಯಿತು ಎಂಬ ಮಾತು ಸರಿಯೇ. ಸಿಪಾಯಿಗಳ ನೆನಪಿಗೂ 1921ರಲ್ಲಿ ಅರಮನೆಯ ಬಳಿ ದ್ವಾರವೊಂದು, ಊರಾಚೆಯ ಗುಡ್ಡದಲ್ಲಿ ಛತ್ರಿ ಸ್ಮಾರಕ ಬಂದವು. ಆದರೆ ಯುವರಾಜನ ಕುದುರೆಗಳಿಗೆ ಮಾಲೀಸು ಮಾಡುತ್ತಾ ಮೊಗಸಾಲೆಯ ಹಿಂದೆ ಬದುಕು ಸವೆಸಿದವರ ನೆನಪಿಗೆ? ಅವರ ಒಂದು ಕೋಣೆಯನ್ನಾದರೂ ಇದ್ದ ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು.